ಹತ್ತು ಜನ ಸೇರಿದರೆ ಒಂದು ಪ್ರಾರ್ಥನೆ

ಮುಂಬಯಿಯ ಮಸ್ಜಿದ್ ಬಂದರ್ ಸ್ಟೇಷನ್ನಿಗೆ ಆ ಹೆಸರು ಹೇಗೆ ಬಂತು ಅಂತ ಊರಿನಲ್ಲಿ ಯಾರನ್ನಾದರೂ ಕೇಳಿದರೆ, ಹತ್ತಿರದಲ್ಲೊಂದು ಮಸೀದಿ ಇದ್ದಿರಬೇಕು ಅಂತ ಹೇಳಿಯಾರು. ನಾನೂ ಹಾಗೇ ತಿಳಿದಿದ್ದೆ. 1968ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವನು ಅದೇ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದೆ. ಆ ಗಲ್ಲಿಗಳಲ್ಲೇ ಓಡಾಡುತ್ತಾ ಏಳೆಂಟು ವರ್ಷ ಕಳೆದರೂ, ಆ ‘ಮಶೀದಿ’ ಮುಸ್ಲಿಮರದ್ದಲ್ಲ, ಯಹೂದಿಗಳ ಸಿನಗಾಗ್ ಎಂದು ಹೇಳುವ ಜನ ಇದ್ದಾರೆಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಆಮೇಲೆ ನನಗೆ ಸಿಕ್ಕಿದ ಆಫೀಸಿನ ಹೆಡ್ ಕ್ಲರ್ಕ್. ನಾವೆಲ್ಲ ಅವರನ್ನು ‘ಕಾಕಾ’ ಅಂತ ಕರೆಯುತ್ತಿದ್ದೆವು.

ಕಾಕಾ ಮಾತನಾಡುತ್ತಿದ್ದುದು ಅಚ್ಚ ಕೊಂಕಣ ಸೀಮೆಯ ಮರಾಠಿ. ಅವರ ಅಡ್ಡಹೆಸರು ‘ಕರ್’ ಎಂದು ಮುಗಿಯುತ್ತಿತ್ತು. ಹೀಗಾಗಿ ಅವರು ಮರಾಠರೋ ಕೊಂಕಣಿಗರೋ ಇರಬೇಕೆಂದು ನಾನು ಅಂದುಕೊಂಡಿದ್ದೆ. ಆದರೆ ಶನಿವಾರ ಅವರ ಕುರ್ಚಿ ಖಾಲಿ. ಆಗ ಶನಿವಾರ ಅರ್ಧ ದಿನ ಆಫೀಸು ಇರುತ್ತಿತ್ತು. ಆ ಅರ್ಧ ದಿನ ಬಿಡಿಸಿಕೊಳ್ಳಲು ಅವರು ನಾವು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನಮ್ಮ ಕೆಲಸವನ್ನೂ ತಾವೇ ಮಾಡಿ ಮುಗಿಸುತ್ತಿದ್ದರು. “ಕಾಕಾ, ಶನಿವಾರ ನೀವು ಎಲ್ಲಿ ಹೋಗ್ತೀರಿ?” ಅಂತ ಒಂದು ದಿನ ಕೇಳಿಬಿಟ್ಟೆ. “ಶಾಳೆಗೆ” ಅಂದರು. ಐವತ್ತು ದಾಟಿದ ಮನುಷ್ಯ ಯಾವ ಶಾಲೆಗೆ ಹೋಗುತ್ತಾನೆ ಮಾರಾಯ್ರೆ! “ಕಲಿಯಲಿಕ್ಕೆ ಅಲ್ಲಪ್ಪ, ಕಲಿಸಲಿಕ್ಕೆ” ಅಂತ ನಕ್ಕರು.

ಈ ಬರಹ ಆ ಶಾಲೆಯದ್ದು. ಅಂದರೆ ಮುಂಬಯಿಯ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಮಕ್ಕಳಿಗೆ ಧರ್ಮ ಕಲಿಸಿದ ಇನ್ನೂರು ವರ್ಷಗಳ ಕಥೆ. ಪರವೂರಿನಲ್ಲಿ ಇರುವ ನಮ್ಮಂಥವರಿಗೆ ಇದು ಬೇರೆಯವರ ಕಥೆ ಅನ್ನಿಸುವುದಿಲ್ಲ.

ಬೆನೆ ಇಸ್ರೇಲ್ ಎಂದರೆ ‘ಇಸ್ರೇಲನ ಮಕ್ಕಳು’. ಅವರ ಹಿರಿಯರು ಹೇಳುತ್ತಾ ಬಂದ ಕಥೆಯ ಪ್ರಕಾರ, ಬಹಳ ಹಿಂದೆ, ಎರಡು ಸಾವಿರ ವರ್ಷಗಳ ಹಿಂದೆ ಅನ್ನುವವರೂ ಇದ್ದಾರೆ, ಕೊಂಕಣ ಕರಾವಳಿಯ ನವಗಾಂವ್ ಹತ್ತಿರ ಒಂದು ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು. ಪುಸ್ತಕಗಳೆಲ್ಲ ಸಮುದ್ರದ ಪಾಲಾದವು. ಉಳಿದವರು ಅಲ್ಲೇ ಹಳ್ಳಿಗಳಲ್ಲಿ ನೆಲೆಸಿ ಎಣ್ಣೆ ಗಾಣ ತಿರುಗಿಸುವ ಕಸುಬು ಹಿಡಿದರು. ಶನಿವಾರ ಮಾತ್ರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ಜನ ಅವರನ್ನು ‘ಶನ್ವಾರ್ ತೇಲಿ’ ಅಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶನಿವಾರದ ಗಾಣಿಗರು. ದಿವೆ ಎಂಬ ಊರಿನವರು ದಿವೇಕರ್, ರಾಜಪುರಿಯವರು ರಾಜಪುರಕರ್ ಆದರು. ನಮ್ಮಲ್ಲಿ ಊರಿನ ಹೆಸರು ಹೆಸರಿನ ಮುಂದೆ, ಅವರಲ್ಲಿ ಹಿಂದೆ, ಅಷ್ಟೆ ವ್ಯತ್ಯಾಸ.

ತಲೆಮಾರುಗಳು ಉರುಳಿದಂತೆ ಹೀಬ್ರೂ ಭಾಷೆ ಮರೆತುಹೋಯಿತು. ಪ್ರಾರ್ಥನೆಗಳು ಮರೆತುಹೋದವು. ಹಲವು ಹಬ್ಬಗಳ ಕಾರಣವೂ ನೆನಪಿರಲಿಲ್ಲ. ಉಳಿದದ್ದು ಏನು? ಶನಿವಾರದ ವಿಶ್ರಾಂತಿ, ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಊಟದ ಕೆಲವು ನಿಯಮ, ಮತ್ತೆ ‘ಶೆಮಾ’ ಎಂಬ ಒಂದೇ ಒಂದು ಪ್ರಾರ್ಥನೆ. ದೇವರು ಒಬ್ಬನೇ ಎಂದು ಸಾರುವ ಆ ಪ್ರಾರ್ಥನೆಯನ್ನು ಅವರು ಮದುವೆಗೂ ಸಾವಿಗೂ ಹೇಳುತ್ತಿದ್ದರಂತೆ. ಒಂದೇ ಮಂತ್ರ ಗೊತ್ತಿದ್ದವನು ಎಲ್ಲಾ ಕಾರ್ಯಕ್ಕೂ ಅದನ್ನೇ ಹೇಳಿದ ಹಾಗೆ.

ಈ ಜನರಿಗೆ ಮೊದಲು ಪಾಠ ಹೇಳಿದವನೆಂದು ನೆನಪಿಸಿಕೊಳ್ಳುವುದು ದಾವಿದ್ ರಹಾಬಿ ಎಂಬವನನ್ನು. ಆತ ಯಾವ ಕಾಲದವನು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಾವಿರ ವರ್ಷ ಹಿಂದಿನವನು ಅನ್ನುವವರಿದ್ದಾರೆ, 18ನೇ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ರಹಾಬಿ ಮನೆತನದವನು ಅನ್ನುವವರೂ ಇದ್ದಾರೆ. ಕಥೆ ಮಾತ್ರ ಸೊಗಸಾಗಿದೆ. ಇವರು ನಿಜವಾಗಿ ಯಹೂದಿಗಳೇ ಎಂದು ಪರೀಕ್ಷಿಸಲು ಆತ ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟು ಅಡುಗೆ ಮಾಡಿ ಅಂದನಂತೆ. ಅವರು ಈಜುರೆಕ್ಕೆ, ಮೈಮೇಲೆ ಹುರುಪೆ ಇಲ್ಲದ ಮೀನುಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟು, “ಇದನ್ನು ನಾವು ತಿನ್ನೋದಿಲ್ಲ” ಅಂದರಂತೆ. ಯಾಕೆ ತಿನ್ನಬಾರದು ಅಂತ ಅವರಿಗೆ ಗೊತ್ತಿರಲಿಲ್ಲ. ಅಮ್ಮ ತಿನ್ನುತ್ತಿರಲಿಲ್ಲ, ಅಜ್ಜಿ ತಿನ್ನುತ್ತಿರಲಿಲ್ಲ, ಅಷ್ಟೆ. ಕರಾವಳಿಯವನಾದ ನನಗೆ ಈ ಕಥೆ ಬಹಳ ಹಿಡಿಸಿತು. ಪುಸ್ತಕ ಮುಳುಗಿದ ಮೇಲೂ ಪಾಠ ಅಡುಗೆಮನೆಯಲ್ಲಿ ಉಳಿದಿತ್ತು. ರಹಾಬಿ ಮೂರು ಮನೆತನಗಳಿಂದ ಒಬ್ಬೊಬ್ಬರನ್ನು ಆರಿಸಿ ತರಬೇತಿ ಕೊಟ್ಟ. ಅವರೇ ಮುಂದೆ ‘ಕಾಜಿ’ಗಳಾಗಿ ಹಳ್ಳಿ ಹಳ್ಳಿ ತಿರುಗಿ ಮದುವೆ ಮುಂಜಿ ಮಾಡಿಸುತ್ತಾ ಬಂದರು ಎನ್ನುತ್ತಾರೆ.

18ನೇ ಶತಮಾನದಲ್ಲಿ ಈ ಗಾಣಿಗರ ಮಕ್ಕಳು ಮುಂಬಯಿಗೆ ಬರತೊಡಗಿದರು. ನಮ್ಮವರು ಹೋಟೆಲಿಗೆ ಬಂದ ಹಾಗೆ ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಬಂದರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ಎಝಕಿಯೆಲ್ ದಿವೇಕರ್. ಜನರ ಬಾಯಲ್ಲಿ ಸಾಮಾಜಿ ಹಸಾಜಿ. ಇಲ್ಲಿಂದ ಕಥೆ ನಮ್ಮ ಕಡೆ ತಿರುಗುತ್ತದೆ.

1780ರಿಂದ 1784ರವರೆಗೆ ನಡೆದ ಎರಡನೇ ಮೈಸೂರು ಯುದ್ಧದಲ್ಲಿ ಕಂಪನಿಯ ಮುಂಬಯಿ ಸೈನ್ಯ ನಮ್ಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಿದನೂರನ್ನು ಹಿಡಿದಿತ್ತು. 1783ರಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿದಾಗ ಅದೇ ಸೈನ್ಯ ಅಲ್ಲಿ ಶರಣಾಯಿತು. ಬಿದನೂರು ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ನಮ್ಮೂರಿನಿಂದ ಘಟ್ಟ ಹತ್ತಿದರೆ ಸಿಗುವ ಜಾಗ. ಆ ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕವರಲ್ಲಿ ದಿವೇಕರನೂ ಒಬ್ಬ. ಬೆನೆ ಇಸ್ರೇಲರು ಹೇಳುವ ಕಥೆ ಹೀಗಿದೆ: ಕೈದಿಗಳ ಜಾತಿ ಮತ ವಿಚಾರಿಸುವಾಗ ಈತ ‘ಬೆನೆ ಇಸ್ರೇಲ್’ ಅಂದ. ಆ ಹೆಸರು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನಿನಲ್ಲಿ ಎಷ್ಟೋ ಕಡೆ ಬರುವ ಹೆಸರು ಅದು. ಆ ಜನ ಇಂದಿಗೂ ಇದ್ದಾರೆಯೇ ಎಂದು ಆಕೆ ಬೆರಗಾಗಿ, ಅವನ ಪ್ರಾಣ ಉಳಿಸುವಂತೆ ಮಗನನ್ನು ಕೇಳಿಕೊಂಡಳು. ಬದುಕಿ ಮನೆ ಸೇರಿದರೆ ದೇವರಿಗೊಂದು ಮನೆ ಕಟ್ಟುತ್ತೇನೆಂದು ದಿವೇಕರ್ ಹರಕೆ ಹೊತ್ತಿದ್ದನಂತೆ.

ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಕಥೆ ಎಂದು ಬೇರ್ಪಡಿಸುವುದು ಕಷ್ಟ. ಆದರೆ ಸಿನಗಾಗ್ ಮಾತ್ರ ಕಥೆಯಲ್ಲ. 1796ರಲ್ಲಿ ದಿವೇಕರ್ ಮುಂಬಯಿಯ ಮೊಟ್ಟಮೊದಲ ಸಿನಗಾಗನ್ನು ಕಟ್ಟಿಸಿದ. ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು. 1860ರಲ್ಲಿ ಈಗಿರುವ ಜಾಗದಲ್ಲಿ ಅದನ್ನು ಹೊಸದಾಗಿ ಕಟ್ಟಿದರು. ಆ ಬೀದಿಯೇ ಸ್ಯಾಮ್ಯುಯೆಲ್ ಸ್ಟ್ರೀಟ್. ಬೆನೆ ಇಸ್ರೇಲರ ಬಾಯಲ್ಲಿ ಅದು ‘ಜುನಿ ಮಶೀದ್’, ಹಳೆಯ ಮಶೀದಿ. ಕಟ್ಟಿಸಿದ ಮೇಲೆ ಒಳಗಿಡಲು ತೋರಾ ಗ್ರಂಥದ ಸುರುಳಿ ಬೇಕಲ್ಲ? ಅದನ್ನು ತರಲು ದಿವೇಕರ್ ಕೊಚ್ಚಿಗೆ ಹೋದ. 1797ರಲ್ಲಿ ಅಲ್ಲೇ ತೀರಿಕೊಂಡ.

ಕಟ್ಟಡವೇನೋ ಆಯಿತು. ಒಳಗೆ ಓದುವವರು ಯಾರು? ನಿಜವಾದ ತೊಂದರೆ ಶುರುವಾದದ್ದು ಇಲ್ಲಿ. ಹೀಬ್ರೂ ಓದಬಲ್ಲವರು ಸಮುದಾಯದಲ್ಲಿ ತೀರಾ ಕಡಿಮೆ. ಆದ್ದರಿಂದ ಗುರುಗಳನ್ನು ಹೊರಗಿನಿಂದ ತರಬೇಕಾಯಿತು. 19ನೇ ಶತಮಾನದ ಮೊದಲರ್ಧದಲ್ಲಿ ಕೊಚ್ಚಿಯಿಂದ ಹಲವರು ಬಂದರು. 1836ರಲ್ಲಿ ಬಂದ ಶೆಲೊಮೊ ಸಾಲೆಂ ಶುರ್ರಾಬಿ ಅವರಲ್ಲಿ ಹೆಸರಾದವರು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದುದು ಪುಸ್ತಕಗಳಿಗೆ ರಟ್ಟು ಹಾಕಿ ಕಟ್ಟುವ ಕೆಲಸ, ಅದೂ ಅಲ್ಪ ಸಂಬಳಕ್ಕೆ. ಉಳಿದ ಹೊತ್ತೆಲ್ಲ ಜನರಿಗೆ ಪ್ರಾರ್ಥನೆ ಕಲಿಸುವುದು. 1856ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮುಂಬಯಿಯಲ್ಲಿ ಎರಡನೆಯ ಸಿನಗಾಗ್ ಕೂಡ ಎದ್ದಿತ್ತು.

ಇನ್ನೊಂದು ಕಡೆಯಿಂದ ಬಂದವರು ಕ್ರೈಸ್ತ ಮಿಷನರಿಗಳು. ಅಮೆರಿಕನ್ ಮಿಷನ್ನಿನವರು ಕೊಂಕಣದಲ್ಲೂ ಮುಂಬಯಿಯಲ್ಲೂ ಶಾಲೆ ತೆರೆದರು. ಬೆನೆ ಇಸ್ರೇಲ್ ಮಕ್ಕಳು ಅಲ್ಲಿ ಓದಿದರು, ದೊಡ್ಡವರು ಅಲ್ಲೇ ಮೇಷ್ಟ್ರಾದರು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಒಂದು ಹೀಬ್ರೂ ವ್ಯಾಕರಣವನ್ನೇ ಅಚ್ಚು ಹಾಕಿಸಿದರು. ಮುಂಬಯಿಯ ವಿಲ್ಸನ್ ಕಾಲೇಜು ಅವರ ಹೆಸರಿನದೇ. ಮಿಷನರಿಗಳ ಮನಸ್ಸಿನಲ್ಲಿ ಮತಾಂತರದ ಆಸೆ ಇತ್ತು, ಅದನ್ನವರು ಮುಚ್ಚಿಟ್ಟಿರಲಿಲ್ಲ. ಆದರೆ ಆಸೆ ಫಲಿಸಲಿಲ್ಲ. ಮತಾಂತರವಾದವರು ಬೆರಳೆಣಿಕೆಯಷ್ಟು. ಉಳಿದವರು ವ್ಯಾಕರಣ ಕಲಿತು ಸೀದಾ ಸಿನಗಾಗಿಗೆ ಬಂದು ತಮ್ಮ ಗ್ರಂಥವನ್ನು ತಾವೇ ಓದಿದರು. ಬೇರೆಯವರ ಬಾವಿಯಿಂದ ನೀರು ಸೇದಿ ತಮ್ಮ ತೋಟಕ್ಕೆ ಹಾಯಿಸಿಕೊಂಡ ಹಾಗಾಯಿತು.

ಅಂಥವರಲ್ಲಿ ಜೋಸೆಫ್ ಎಝಕಿಯೆಲ್ ರಾಜಪುರಕರ್ ದೊಡ್ಡ ಹೆಸರು. 1834ರಲ್ಲಿ ಹುಟ್ಟಿ 1905ರಲ್ಲಿ ತೀರಿಕೊಂಡವರು. ಮಿಷನ್ ಶಾಲೆಯಲ್ಲಿ ಓದಿ, ಬಾಗ್ದಾದಿನಿಂದ ಬಂದ ಯಹೂದಿ ವರ್ತಕ ಡೇವಿಡ್ ಸಸೂನರ ಹೆಸರಿನ ಶಾಲೆಯಲ್ಲಿ ಸುಮಾರು ನಲವತ್ತು ವರ್ಷ ಪಾಠ ಹೇಳಿದರು, ಅದರಲ್ಲಿ ಹೆಚ್ಚು ಕಾಲ ಹೆಡ್‌ಮಾಸ್ಟರಾಗಿ. ಮುಂಬಯಿ ವಿಶ್ವವಿದ್ಯಾಲಯಕ್ಕೆ ಹೀಬ್ರೂ ಪರೀಕ್ಷಕರೂ ಆಗಿದ್ದರು. ಶಾಲೆಯ ಕೆಲಸದ ನಡುವೆ ಪ್ರಾರ್ಥನಾ ಪುಸ್ತಕಗಳನ್ನು ಒಂದೊಂದಾಗಿ ಮರಾಠಿಗೆ ತಂದರು. ಪಾಸೋವರ್ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಕೂತು ಓದುವ ‘ಹಗ್ಗಾದಾ’ ಅದಾಗಲೇ 1846ರಲ್ಲಿ ಮುಂಬಯಿಯಲ್ಲಿ ಮರಾಠಿ ಅನುವಾದದೊಡನೆ ಅಚ್ಚಾಗಿತ್ತು. 1874ರಲ್ಲಿ ಪುಣೆಯಲ್ಲಿ ಇನ್ನೊಂದು ಬಂತು. ಅದರ ಚಿತ್ರದಲ್ಲಿ ಹಬ್ಬದ ರೊಟ್ಟಿ ಮಾಡುವ ಯಹೂದಿ ಹೆಂಗಸರು ಸೀರೆ ಉಟ್ಟಿದ್ದಾರೆ. ಅದನ್ನು ಅಚ್ಚು ಮಾಡಿದ್ದು ವಿಠ್ಠಲ ಸಖಾರಾಮ ಅಗ್ನಿಹೋತ್ರಿ ಎಂಬವರ ಮುದ್ರಣಾಲಯ! ಆ ರಾತ್ರಿ ಮನೆಯ ಅತಿ ಚಿಕ್ಕ ಮಗು ಎದ್ದು ನಾಲ್ಕು ಪ್ರಶ್ನೆ ಕೇಳಬೇಕು, ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಅಂತ. ಹಬ್ಬ ಮುಂದೆ ಹೋಗುವುದೇ ಮಗುವಿನ ಪ್ರಶ್ನೆಯಿಂದ. ಮಗುವಿಗೆ ಪ್ರಶ್ನೆ ಓದಲು ಬರದಿದ್ದರೆ?

ಆ ಚಿಂತೆಯಿಂದಲೇ ಹುಟ್ಟಿದ್ದು ಶಾಲೆ. ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ಮತ್ತು ಅವರ ಸಂಗಡಿಗರು 1875ರಲ್ಲಿ ‘ಇಸ್ರೇಲೈಟ್ ಸ್ಕೂಲ್’ ಆರಂಭಿಸಿದರು. ಮರಾಠಿ, ಇಂಗ್ಲಿಷಿನ ಜತೆ ಹೀಬ್ರೂ ಕೂಡ ಪಾಠವಾಗಿತ್ತು. ಲಂಡನ್ನಿನ ಆಂಗ್ಲೋ-ಜ್ಯೂಯಿಷ್ ಅಸೋಸಿಯೇಷನ್ ಹಣದ ನೆರವು ಕೊಟ್ಟಿತು. ಕೆಹಿಮ್‌ಕರ್ ತಮ್ಮ ಸಮುದಾಯದ ಚರಿತ್ರೆಯನ್ನೂ ಬರೆದರು. 1897ರಲ್ಲಿ ಬರೆದು ಮುಗಿಸಿದ ಆ ಪುಸ್ತಕ ಅಚ್ಚಾದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ, 1937ರಲ್ಲಿ, ಟೆಲ್ ಅವೀವ್‌ನಲ್ಲಿ. ಶಾಲೆಗೆ ಮುಂದೆ ಸರ್ ಎಲ್ಲಿ ಕದೂರಿಯವರ ಹೆಸರು ಬಂತು. ಮಝಗಾಂವಿನಲ್ಲಿ ಈಗಲೂ ಇದೆ. 1922ರಿಂದ 1950ರವರೆಗೆ ಅದರ ಪ್ರಿನ್ಸಿಪಾಲರಾಗಿದ್ದವರು ರೆಬೆಕಾ ರೂಬೆನ್. ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ಓದಿ, 1905ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ಯುಲೇಷನ್ನಿನಲ್ಲಿ ಮೊದಲಿಗರಾಗಿ ಬಂದವರು. ಹೆಣ್ಣುಮಕ್ಕಳು ಮ್ಯಾಟ್ರಿಕ್ ಕಟ್ಟುವುದೇ ಅಪರೂಪವಾಗಿದ್ದ ಕಾಲ ಅದು.

ಶಾಲೆಗೆ ಬಾರದ ದೊಡ್ಡವರಿಗೆ ಕೀರ್ತನ ಇತ್ತು. 1880ರ ಸುಮಾರಿಗೆ ಬೆನೆ ಇಸ್ರೇಲ್ ತರುಣರು ಹಿಂದೂ ಕೀರ್ತನಕಾರರನ್ನು ನೋಡಿ, ಅದೇ ಧಾಟಿಯಲ್ಲಿ ಅಬ್ರಹಾಮ, ಜೋಸೆಫ, ಮೋಶೆಯರ ಕಥೆಗಳನ್ನು ಮರಾಠಿ ಹಾಡುಗಳಲ್ಲಿ ಹೆಣೆದರು. ನಮ್ಮ ಹರಿಕಥೆ ಇದ್ದ ಹಾಗೆ ಅಂದುಕೊಳ್ಳಿ. ಓದು ಬಾರದ ಅಜ್ಜಿಯೂ ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಹಾಡಿನಲ್ಲಿ ಕಲಿತಳು.

ನಾನು ಕಾಕಾರ ಜತೆ ಜುನಿ ಮಶೀದಿಗೆ ಹೋದದ್ದು 1979ರಲ್ಲಿ, ಒಂದು ಶನಿವಾರ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಹೆಂಗಸರು ಮೇಲಿನ ಅಟ್ಟಣಿಗೆಯಲ್ಲಿ. ಪ್ರಾರ್ಥನೆ ಶುರುವಾಗಲೇ ಇಲ್ಲ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಹದಿಮೂರು ವರ್ಷ ತುಂಬಿದ ಗಂಡಸರು ಹತ್ತು ಜನ ಸೇರಿದರೆ ಮಾತ್ರ ಪೂರ್ಣ ಪ್ರಾರ್ಥನೆ. ಅದಕ್ಕೆ ‘ಮಿನ್ಯಾನ್’ ಎನ್ನುತ್ತಾರೆ. ಅವತ್ತು ಇದ್ದವರು ಒಂಬತ್ತು. ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕೊನೆಗೆ ಒಬ್ಬ ಹುಡುಗ ಓಡುತ್ತಾ ಬಂದ. ಹಿಂದಿನ ತಿಂಗಳಷ್ಟೇ ಅವನಿಗೆ ಬಾರ್ ಮಿಟ್ಜ್ವಾ ಆಗಿತ್ತಂತೆ, ಅಂದರೆ ಹದಿಮೂರು ತುಂಬಿ, ತೋರಾ ಓದಲು ಅವನ ಸರದಿ ಬಂದಿತ್ತು. ಮುದುಕರೆಲ್ಲ ಎದ್ದು ಅವನಿಗೆ ಜಾಗ ಬಿಟ್ಟರು. ಹತ್ತನೆಯವನು ಬಂದಾಗ ಆ ಮುಖಗಳಲ್ಲಿ ಕಂಡ ಸಮಾಧಾನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮಧ್ಯಾಹ್ನ ಪಾಠ. ಏಳೆಂಟು ಮಕ್ಕಳು. ಶನಿವಾರ ಬರೆಯುವುದೂ ಒಂದು ಕೆಲಸವೇ ಆದ್ದರಿಂದ ಪುಸ್ತಕ ಪೆನ್ಸಿಲು ಇಲ್ಲ, ಎಲ್ಲ ಬಾಯಿಪಾಠ. ಬರವಣಿಗೆ ಭಾನುವಾರ ಬೆಳಿಗ್ಗೆ. ಬಲದಿಂದ ಎಡಕ್ಕೆ ಆಲೆಫ್, ಬೆತ್, ಗಿಮೆಲ್. ಅಕ್ಷರದ ಅಡಿಯಲ್ಲಿ ಇಡುವ ಸ್ವರಚಿಹ್ನೆಗಳನ್ನು ಕಾಕಾ ಮರಾಠಿಯ ಕಾನಾ, ಮಾತ್ರಾ ಎಂದೇ ಹೇಳಿಕೊಡುತ್ತಿದ್ದರು. ಸಂಬಳ ಕೇಳಬೇಡಿ. ಪ್ರಾರ್ಥನೆ ನಡೆಸುವ ಹಝಾನ್‌ಗೆ ಏನೋ ಒಂದಿಷ್ಟು ಕೊಡುತ್ತಿದ್ದರು. ಉಳಿದವರದ್ದೆಲ್ಲ ಬಿಟ್ಟಿ ಸೇವೆ. ಆ ಸೇವೆಯ ಹುದ್ದೆಗಳ ಹೆಸರು ಕೇಳಿದರೆ ಯಾವುದೋ ಕೊಂಕಣದ ಹಳ್ಳಿಯಲ್ಲಿ ಕೂತ ಹಾಗಿರುತ್ತದೆ. ಹಿರಿಯನಿಗೆ ಮುಕಾದಮ್, ಸಲಹೆ ಹೇಳುವವರಿಗೆ ಚೌಗುಲೆ. ಹಣಕಾಸು ನೋಡುವವನ ಹೆಸರು ಮಾತ್ರ ಹೀಬ್ರೂವಿನದು, ಗಬ್ಬಾಯ್. ಹಬ್ಬಕ್ಕೆ ಮೊದಲು ದೀಪದ ಗಾಜು ಒರೆಸುವವರು, ಸತ್ತವರ ಮನೆಗೆ ಹೋಗಿ ಸ್ನಾನ ಮಾಡಿಸುವವರು, ಬೆಲ್ಲ ಕಾಯಿ ಹಾಕಿದ ಅವಲಕ್ಕಿಯ ‘ಮಲಿದಾ’ ಕಲೆಸಿ ತರುವ ಹೆಂಗಸರು, ಎಲ್ಲರೂ ಗುಮಾಸ್ತರು, ನರ್ಸುಗಳು, ಮಿಲ್ಲು ರೈಲ್ವೆಯವರು.

ನನಗೊಂದು ಸಂಶಯ ಇತ್ತು. “ಕಾಕಾ, ನಿಮ್ಮವರೆಲ್ಲ ಇಸ್ರೇಲಿಗೆ ಹೋಗ್ತಾ ಇದ್ದಾರೆ. ಇನ್ನು ಹತ್ತು ವರ್ಷಕ್ಕೆ ಇಲ್ಲಿ ಯಾರಿರ್ತಾರೆ? ಯಾರಿಗೆ ಕಲಿಸ್ತೀರಿ?” ಅಂದೆ. ಕೇಳಬಾರದಿತ್ತೋ ಏನೋ. ಅವರು ಸಿಟ್ಟಾಗಲಿಲ್ಲ. “ನಮ್ಮ ಅಜ್ಜಂದಿರು ಒಂದು ಪ್ರಾರ್ಥನೆ ಬಿಟ್ಟು ಎಲ್ಲಾ ಮರೆತಿದ್ದರು. ಮರೆತದ್ದು ವಾಪಸು ಬಂತು. ಯಾಕೆ ಬಂತು? ಯಾರೋ ಒಬ್ಬ ಶನಿವಾರ ಬಂದು ಕೂತ. ಎಷ್ಟು ಜನ ಅಂತ ಎಣಿಸಲಿಲ್ಲ” ಅಂದರು.

ಕಾಕಾ ಹೇಳಿದ್ದೂ ನಿಜ, ನನ್ನ ಸಂಶಯವೂ ನಿಜವೇ ಆಯಿತು. 1950ರ ಸುಮಾರಿಗೆ ಬೆನೆ ಇಸ್ರೇಲರ ಸಂಖ್ಯೆ ಇಪ್ಪತ್ತು ಸಾವಿರದಷ್ಟಿತ್ತು. ಇವತ್ತು ಇಡೀ ಭಾರತದ ಯಹೂದಿಗಳನ್ನೆಲ್ಲ ಕೂಡಿಸಿದರೂ ಐದು ಸಾವಿರದ ಆಸುಪಾಸು. ಇಲ್ಲಿ ಅವರನ್ನು ಯಾರೂ ಓಡಿಸಲಿಲ್ಲ, ಧರ್ಮದ ಸೆಳೆತಕ್ಕೂ ಬದುಕಿನ ಆಸೆಗೂ ತಾವಾಗಿ ಹೋದರು. ಹೋದಲ್ಲಿ ಎಲ್ಲವೂ ಸುಖವಾಗಿರಲಿಲ್ಲ. ಇವರು ಪೂರ್ಣ ಯಹೂದಿಗಳೇ ಎಂಬ ಪ್ರಶ್ನೆಯನ್ನು ಅಲ್ಲಿನ ಧರ್ಮಾಧಿಕಾರಿಗಳೇ ಎತ್ತಿದರು. 1964ರಲ್ಲಿ ಇಸ್ರೇಲ್ ಸರ್ಕಾರ ಇವರ ಪರ ನಿಲ್ಲುವವರೆಗೆ ಹೋರಾಟವೇ ನಡೆಯಿತು. ಇಲ್ಲಿ ಯಹೂದಿ ಶಾಲೆಗಳ ಬೆಂಚುಗಳಲ್ಲಿ ಈಗ ಹೆಚ್ಚಿನವರು ಬೇರೆ ಧರ್ಮದ ಮಕ್ಕಳು. 2008ರ ನವೆಂಬರಿನಲ್ಲಿ ನರಿಮನ್ ಹೌಸ್ ಮೇಲೆ ದಾಳಿಯಾದ ಮೇಲೆ ಸಿನಗಾಗಿನ ಬಾಗಿಲಲ್ಲಿ ಪೊಲೀಸರು ಬಂದರು. ನನ್ನ ಹಾಗೆ ಕರವಸ್ತ್ರ ಕಟ್ಟಿಕೊಂಡು ಸುಮ್ಮನೆ ಒಳಗೆ ಹೋಗುವ ಕಾಲ ಮುಗಿಯಿತು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಉಳಿದವರು ಠಾಣೆಯ ಕಡೆ ಹೆಚ್ಚು. ಅಲ್ಲಿ 1879ರ ಸಿನಗಾಗ್ ಇದೆ.

ಕಾಕಾ 1984ರಲ್ಲಿ ಮಗನ ಹತ್ತಿರ ಇಸ್ರೇಲಿಗೆ ಹೊರಟರು. ಎರಡು ವರ್ಷ ಬಿಟ್ಟು ಒಂದು ಕಾಗದ ಬಂತು. ಅಲ್ಲಿ ಮಕ್ಕಳಿಗೆ ಹೀಬ್ರೂ ಕಲಿಸಬೇಕಾಗಿಲ್ಲ, ಬೀದಿಯಲ್ಲೇ ಬರುತ್ತದೆ. ಮೊಮ್ಮಕ್ಕಳಿಗೆ ಮರಾಠಿ ಬರುವುದಿಲ್ಲ, ಅದಕ್ಕೇ ಶನಿವಾರ ಸಂಜೆ ಕೂರಿಸಿಕೊಂಡು ಮರಾಠಿ ಕಥೆ ಹೇಳುತ್ತಿದ್ದೇನೆ, ಅಂತ ಬರೆದಿದ್ದರು. ಓದಿ ನಗು ಬಂತು, ಆಮೇಲೆ ನಗು ನಿಂತಿತು. ಇಸ್ರೇಲಿನ ಬೆನೆ ಇಸ್ರೇಲರು ‘ಮಾಯಬೋಲಿ’ ಅಂತ ಒಂದು ಮರಾಠಿ ಪತ್ರಿಕೆಯನ್ನೇ ಹೊರಡಿಸಿದರು ಎಂದು ಆಮೇಲೆ ತಿಳಿಯಿತು. ಮಾಯಬೋಲಿ ಅಂದರೆ ತಾಯಿನುಡಿ.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಹಗಲು ಗ್ಲಾಸು ತೊಳೆದ ನನಗೆ ರಾತ್ರಿ ಅಕ್ಷರ ಕೊಟ್ಟವರು ನಮ್ಮ ರಾತ್ರಿಶಾಲೆಯ ಮೇಷ್ಟ್ರುಗಳು. ಅವರೂ ಹಗಲೆಲ್ಲ ಎಲ್ಲೋ ದುಡಿದು ದಣಿದು ಬಂದವರೇ. ನನ್ನ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ನಾನೇ ಕಳಿಸಿದ್ದು, ಯಾರ ಮೇಲೂ ದೂರಿಲ್ಲ. ಮೊಮ್ಮಗಳು ಊರಿಗೆ ಬಂದರೆ ಬಸ್ಸಿನ ಬೋರ್ಡು ಓದಲಾರಳು. ನಿವೃತ್ತನಾದ ಮೇಲೆ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಕ್ಲಾಸು ಶುರುಮಾಡಿದೆ. ಮೊದಲ ವಾರ ಹದಿನಾಲ್ಕು ಮಕ್ಕಳು ಬಂದರು. ಆರನೇ ವಾರಕ್ಕೆ ಮೂರು. ಒಂದು ಭಾನುವಾರ ಯಾರೂ ಬರಲಿಲ್ಲ. ಬೋರ್ಡು ಒರೆಸಿ ಎದ್ದು ಹೋಗೋಣ ಅಂದುಕೊಂಡೆ. ಆಗ ಜುನಿ ಮಶೀದಿಯಲ್ಲಿ ಬಾಗಿಲ ಕಡೆ ನೋಡುತ್ತಾ ಕೂತಿದ್ದ ಆ ಒಂಬತ್ತು ಜನ ನೆನಪಾದರು. ಅರ್ಧ ಗಂಟೆ ಕಾದೆ. ಮೂರನೇ ಮಹಡಿಯ ಮರಾಠಿ ಮನೆಯ ಹುಡುಗಿ ಬಂದು, “ಆಜೋಬಾ, ಮೀ ಬಸೂ ಕಾ?” ಅಂತ ಕೇಳಿದಳು. ಕೂತುಕೋ ಅಂದೆ. ‘ಅ’ ಬರೆದು ತೋರಿಸಿದೆ.

ಅವಳು ಮುಂದಿನ ವಾರವೂ ಬಂದಳು. ಅವಳ ಹಿಂದೆ, ಮುಖ ಸಣ್ಣಗೆ ಮಾಡಿಕೊಂಡು, ನನ್ನ ಮೊಮ್ಮಗಳು.